ರಂಗಂಪೇಟೆಯ ಬೇಸ್ ಗಿಟಾರು ಅಸಲಿಯಲ್ಲ ಎಂಬ ಕುರಿತು

ಯಾರಾದರೂ ನನ್ನ ಮಾತನ್ನು ಸುಮ್ಮನೆ ಒಪ್ಪಿಕೊಂಡುಬಿಟ್ಟರೆ ನನಗೆ ಚಡಪಡಿಕೆ ಶುರುವಾಗುತ್ತದೆ. ಇದು ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ರೋಗ. ಅಲ್ಲಿ ನಾವು ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು; ನಂಬಿಕೆ ಆಮೇಲೆ ಹುಟ್ಟುತ್ತಿತ್ತು. ಐದು ವರ್ಷ ಹೀಗೆ ಬದುಕಿದವನಿಗೆ, ಬಸ್ಸಿನ ಕಂಡಕ್ಟರು ‘ಶಹಾಪುರ ಬಂತು, ಇಳೀರಿ’ ಅಂದರೂ ಕಿಟಕಿಯಿಂದ ಒಮ್ಮೆ ಇಣುಕಿ ಖಾತ್ರಿ ಮಾಡಿಕೊಂಡೇ ಇಳಿಯುವ ಚಟ. ಅದು ನಾನು ಹುಟ್ಟಿ ಬೆಳೆದ ಊರು ಎಂಬುದು ಬೇರೆ ಮಾತು.

ಇಂಥ ನನಗೆ ಒಂದು ಹಳೆಯ ಬೇಸ್ ಗಿಟಾರಿನ ಮೇಲೆ ಮನಸ್ಸಾಯಿತು. ನಾಲ್ಕೇ ತಂತಿ, ಒಂದೊಂದೂ ಸೈಕಲ್ಲಿನ ಬ್ರೇಕ್ ವೈರಿನಷ್ಟು ದಪ್ಪ. ಕರೆಂಟಿಗೆ ಸಿಕ್ಕಿಸದಿದ್ದರೆ ಅದರ ದನಿ ಪಕ್ಕದಲ್ಲಿ ಕುಂತವರಿಗೂ ಕೇಳಿಸುವುದಿಲ್ಲ. ಸಿಕ್ಕಿಸಿದರೂ ಹೆಚ್ಚಿನವರಿಗೆ ಕೇಳಿಸುವುದಿಲ್ಲವೆನ್ನಿ. ಮದುವೆ ಮಂಟಪದಲ್ಲಿ ಹಾಡುವವನನ್ನು ನೋಡುತ್ತೇವೆ, ಕೀಬೋರ್ಡಿನವನನ್ನು ನೋಡುತ್ತೇವೆ. ಬೇಸಿನವನು ಜನರೇಟರ್ ನೋಡಿಕೊಳ್ಳಲು ಬಂದವನಂತೆ ಹಿಂದೆ ನಿಂತಿರುತ್ತಾನೆ. ಕಲಬುರಗಿಯ ಹಾಸ್ಟೆಲಿನಲ್ಲಿ ಕಾನೂನು ಓದುವಾಗ ಗೆಳೆಯನೊಬ್ಬನ ಬೇಸ್ ಮೇಲೆ ನಾಲ್ಕು ಪಾಠ ಕಲಿತಿದ್ದೆ. ಮಾತಿನಲ್ಲಿ ಸದಾ ಮುಂದೆ ನಿಲ್ಲುವ ನನಗೆ, ಹಿಂದೆ ನಿಂತು ಎಲ್ಲರನ್ನೂ ಕುಣಿಸುವ ಈ ವಾದ್ಯ ಯಾಕೆ ಹಿಡಿಸಿತೋ ಇನ್ನೂ ಬಗೆಹರಿದಿಲ್ಲ.

ಹೋದ ವರ್ಷ ಸುರಪುರದಲ್ಲಿರುವ ನಮ್ಮಕ್ಕನ ಮಗನ ಜವಳಕ್ಕೆ ಮೈಕ್‌ಸೆಟ್ ಹೇಳಲು ರಂಗಂಪೇಟೆಯ ಮೆಹಬೂಬ್ ಚಾಚಾನ ಮನೆಗೆ ಹೋದೆ. ಮುಂದಿನ ಕೋಣೆಯೇ ಅಂಗಡಿ. ಬಿಚ್ಚಿಟ್ಟ ಆಂಪ್ಲಿಫೈಯರುಗಳು, ಹೊಟ್ಟೆ ಹರಿದ ಸ್ಪೀಕರುಗಳು, ಡಬ್ಬಿ ತುಂಬ ಸ್ಕ್ರೂಗಳು. ಇವೆಲ್ಲದರ ಮೇಲೆ, ಗೋಡೆಗೆ, ಅದು ತೂಗುತ್ತಿತ್ತು. ಕಂದು ಮೈ, ಬಣ್ಣದಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಬಿರುಕು, ಬಲಗೈ ಮೊಣಕೈ ತಾಗುವಲ್ಲಿ ಮರ ಕಾಣುವಷ್ಟು ಸವೆತ.

“ಏನ್ ಚಂದ ಅದರಿ ಚಾಚಾ ಇದು!” ಅಂದೆ.

“ಚಂದ ಅನಿಸ್ತೇನ್ರಿ ವಕೀಲ ಸಾಬ್? ನಿಮ್ದೇ ಅದ, ಒಯ್ರಿ.”

“ಖರೇನ?”

“ಖರೇ ಅಲ್ದ ಮತ್ತೇನ್ರಿ.”

“ಎಷ್ಟಕ್ಕ ಕೊಡ್ತೀರಿ?”

ಚಾಚಾನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. “ಅದೇನ್ ದೊಡ್ಡ ಮಾತ್ರಿ. ಮೊದಲ ಚಹಾ ಕುಡೀರಿ” ಅಂದ. ಪಳಗಿದ ವ್ಯಾಪಾರಿ, ಬೆಲೆಯನ್ನು ಮೊದಲು ತನ್ನ ಬಾಯಿಂದ ಬಿಡುತ್ತಿಲ್ಲ ಎಂದು ನಾನು ಲೆಕ್ಕ ಹಾಕಿದೆ.

ವಯಸ್ಸಿನಲ್ಲಿದ್ದಾಗ ಚಾಚಾ ಹೈದರಾಬಾದಿನ ಹೋಟೆಲೊಂದರ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದನಂತೆ. ಅದು ಮುಚ್ಚಿದ ದಿನ ಅದರ ಮುಖ್ಯಸ್ಥ ‘ಇದು ನಿನ್ನ ಕೈಯಾಗ ಇರ್ಲಿ’ ಎಂದು ಕೊಟ್ಟುಹೋದದ್ದು. ಈಗಲೂ ತಿಂಗಳಿಗೆ ಒಂದೆರಡು ಮದುವೆಯಲ್ಲಿ ಚಾಚಾ ಅದನ್ನು ನುಡಿಸುತ್ತಾನೆ. ಇಷ್ಟು ಕೇಳಿದವನು ಒಂದು ಗಳಿಗೆ ಯೋಚಿಸಬೇಕಿತ್ತು. ನಾನು ಯೋಚಿಸಿದ್ದು, ಈ ಕತೆಗೆ ಪುರಾವೆ ಏನು ಅಂತ.

ಮುಂದಿನ ಹದಿನೈದು ದಿನ ನಾನು ಮೊಬೈಲಿನೊಳಗೇ ವಾಸ ಮಾಡಿದೆ. ಹಳೆಯ ವಿದೇಶಿ ಬೇಸ್‌ಗಳ ಅಸಲಿತನ ಅಳೆಯುವ ಒಂದು ಲೋಕವೇ ಅಲ್ಲಿದೆ. ಹಿಂಭಾಗದ ಉಕ್ಕಿನ ಪಟ್ಟಿಯ ಮೇಲಿನ ನಂಬರು ನೋಡಬೇಕು. ಕುತ್ತಿಗೆ ಬಿಚ್ಚಿ ಬುಡದಲ್ಲಿರುವ ತಾರೀಖಿನ ಮುದ್ರೆ ಓದಬೇಕು. ಸ್ಕ್ರೂಗಳು ಮೈಯಷ್ಟೇ ಮುದಿಯಾಗಿರಬೇಕು. ದನಿ ಏರಿಳಿಸುವ ಗುಂಡಿಗಳು ಕಂಪನಿಯವೇ ಆಗಿರಬೇಕು. ಬೆಸುಗೆಯ ಹೊಳಪು ಸತ್ತಿರಬೇಕು. ಬಳಿಚಕ್ರದ ನಮ್ಮ ಸೋದರಮಾವ ಕುರಿ ಕೊಳ್ಳುವಾಗ ತುಟಿ ಎತ್ತಿ ಹಲ್ಲು ಎಣಿಸಿ, ಬೆನ್ನು ಹಿಸುಕಿ ನೋಡುವುದನ್ನು ಕಂಡು ನಾನು ನಗುತ್ತಿದ್ದೆ. ಮಾವ ಪಾಪ ಒಂದು ನಿಮಿಷದಲ್ಲಿ ಮುಗಿಸುತ್ತಿದ್ದ. ಇಲ್ಲಿ ಜಗತ್ತಿನ ಮೂಲೆಮೂಲೆಯ ಗಂಡಸರು ಒಂದು ಸ್ಕ್ರೂವಿನ ತಲೆಯ ಬಗ್ಗೆ ವಾರಗಟ್ಟಲೆ ಜಗಳವಾಡುತ್ತಿದ್ದರು. ನನಗೆ ತವರಿಗೆ ಬಂದಂತಾಯಿತು. ಅಸಲಿಯಾದರೆ ಅದಕ್ಕೆ ಹಳೇ ಟ್ರ್ಯಾಕ್ಟರಿನ ಬೆಲೆ. ಅಲ್ಲವಾದರೆ ಟ್ರ್ಯಾಕ್ಟರಿನ ಒಂದು ಗಾಲಿಯದೂ ಇಲ್ಲ ಎಂದು ತಿಳಿಯಿತು. ಟ್ರ್ಯಾಕ್ಟರು ನನ್ನ ಕೈಗೆಟುಕದು. ಗಾಲಿಯ ಬೆಲೆಗೆ ಟ್ರ್ಯಾಕ್ಟರು ಒಯ್ಯುವುದು ಹೇಗೆ ಎಂಬುದೇ ನನ್ನ ಸಂಶೋಧನೆಯ ನಿಜವಾದ ವಿಷಯ.

ಎರಡನೇ ಸಲ ಹೋದಾಗ ಚಾಚಾ ತಾನೇ ಸ್ಕ್ರೂಡ್ರೈವರ್ ಕೊಟ್ಟ. ನಾನು ತಂತಿ ಸಡಿಲಿಸಿ, ಕುತ್ತಿಗೆ ಬಿಚ್ಚಿ, ಒಂದೊಂದಕ್ಕೂ ಫೋಟೊ ತೆಗೆದೆ. ಒಳಬಾಗಿಲಲ್ಲಿ ನಿಂತಿದ್ದ ಚಾಚಿ, “ಏನ್ ಪೋಸ್ಟ್‌ಮಾರ್ಟಮ್ ನಡಿಸ್ಯಾನ ಈ ಹುಡುಗ? ಜೀವಂತ ಇದ್ದದ್ದಕ್ಕ ಯಾರರ ಮಾಡ್ತಾರೇನು?” ಅಂದಳು. ನಾನು ನಕ್ಕು ಕೆಲಸ ಮುಂದುವರಿಸಿದೆ.

ಎಲ್ಲವೂ ಸರಿಯಿತ್ತು. ಮುದ್ರೆ ಸರಿ, ನಂಬರು ಸರಿ, ಕಂದಿದ ಸ್ಕ್ರೂಗಳು ಸರಿ, ಬೆಸುಗೆ ಯಾರೂ ಮುಟ್ಟದ್ದು. ನನ್ನ ಎದೆ ಡೊಳ್ಳಾಗಿತ್ತು. ಆದರೆ ಮುಖ ಗಂಟಿಕ್ಕಿ, “ಸ್ವಲ್ಪ ಅನುಮಾನ ಅದರಿ ಚಾಚಾ” ಅಂದೆ. ಎದುರಾಳಿಯ ವಾದ ಗಟ್ಟಿಯಿದ್ದಾಗ ಹುಬ್ಬು ಗಂಟಿಕ್ಕಬೇಕೆಂಬುದು ಚರ್ಚಾಸ್ಪರ್ಧೆಯ ಹಳೆಯ ಪಟ್ಟು.

“ಅನುಮಾನ ಅಂದ್ರ? ಅಸಲಿ ಇಲ್ಲೇನ್ರಿ?”

“ಹೇಳಾಕ ಬರಂಗಿಲ್ಲ.”

“ಅಸಲಿ ಇಲ್ಲಂದ್ರ ನೀವು ಒಯ್ಯಂಗಿಲ್ಲೇನು?”

“ಅಸಲಿ ಇಲ್ಲಂದ್ರ ಯಾಕ ಒಯ್ಲಿ?”

ಚಾಚಾ ಕೂತಲ್ಲೇ ಮುಂದಕ್ಕೆ ಸರಿದ. ಹೆದರಿದನೆಂದುಕೊಂಡೆ. “ಏನೇನ್ ನೋಡಿ ಹೇಳ್ತೀರಿ ಅದನ್ನ? ಒಂದೀಟು ತಿಳಿಸಿ ಹೇಳ್ರಿ” ಎಂದು ಕೇಳಿದ. ಕೇಳುವವರು ಸಿಕ್ಕರೆ ನಾನು ಬಿಡುವವನೇ? ಸ್ಕ್ರೂ, ಗುಂಡಿ, ಪಟ್ಟಿ ಈ ಮೂರರ ಮೇಲೆ ಅರ್ಧ ತಾಸು ಭಾಷಣ ಮಾಡಿದೆ. ಇಷ್ಟು ಆಸ್ಥೆಯಿಂದ ನನ್ನ ಮಾತನ್ನು ಯಾವ ತೀರ್ಪುಗಾರರೂ ಕೇಳಿರಲಿಲ್ಲ.

ಒಂದು ವಾರ ಬಿಟ್ಟು ಮತ್ತೆ ಹೋದೆ. ಬೇಸ್ ಈ ಸಲ ಗೋಡೆಯಿಂದ ಇಳಿದು ಪೆಟ್ಟಿಗೆಯಲ್ಲಿ ಮಲಗಿತ್ತು. ನೋಡುತ್ತೇನೆ: ಹೊಳೆಯುವ ಹೊಸ ಸ್ಕ್ರೂಗಳು. ಗುಂಡಿಗಳ ಜಾಗದಲ್ಲಿ ಆಂಪ್ಲಿಫೈಯರಿನ ಕರಿ ಪ್ಲಾಸ್ಟಿಕ್ ಗುಂಡಿಗಳು. ನಂಬರಿನ ಪಟ್ಟಿಯ ಜಾಗದಲ್ಲಿ ಕತ್ತರಿಸಿದ ಬೋಳು ತಗಡು.

“ನೀವು ಹೇಳಿದ್ದು ಬರೋಬ್ಬರಿ ಅದರಿ ವಕೀಲ ಸಾಬ್” ಎಂದು ಚಾಚಾ ತಲೆಯಾಡಿಸಿದ. “ನಾನೂ ಕಣ್ಣಿಟ್ಟು ನೋಡ್ದೆ. ಒಂದೂ ಅಸಲಿ ಕಾಣವಲ್ದು.”

ನನ್ನ ನೆತ್ತಿ ಬಿಸಿಯಾಯಿತು. ಅಸಲಿ ಭಾಗಗಳನ್ನು ಬಿಚ್ಚಿ ಬೇರೆ ಕಡೆ ಮಾರಲು ಹೊರಟಿದ್ದಾನೆ ಮುದುಕ! ಮೊಬೈಲು ತೆಗೆದೆ. ಹೋದ ವಾರದ ಫೋಟೊಗಳು ಅದರಲ್ಲಿದ್ದವು. ಎದುರಾಳಿ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ಗಳಿಗೆಯ ರುಚಿ ಗೊತ್ತಿರುವವರಿಗೆ ಗೊತ್ತು. ನನ್ನ ಬಾಯಲ್ಲಿ ಆಗಲೇ ನೀರೂರಿತ್ತು.

ಅಷ್ಟರಲ್ಲಿ ಸ್ಪೀಕರ್ ಒಯ್ಯಲು ಬಂದಿದ್ದ ಬೋನಾಳದ ಗಿರಾಕಿಯೊಬ್ಬ ಅಂಗಳದಲ್ಲಿ ಕಟ್ಟಿದ ಹೋತವನ್ನು ನೋಡಿ, “ಭಾರಿ ಛಲೋ ಬೆಳಸೀರಿ ಚಾಚಾ ಹೋತ” ಅಂದ.

“ನಿಮ್ದೇ ಅದ, ಒಯ್ರಿ” ಅಂದ ಚಾಚಾ, ತಲೆಯೆತ್ತದೆ.

“ನಿಮ್ಮನ್ಯಾಗ ಇದ್ರೂ ನಮ್ದ ಬಿಡ್ರಿ” ಎಂದು ಗಿರಾಕಿ ನಕ್ಕು, ಸ್ಪೀಕರು ಹೆಗಲಿಗೇರಿಸಿ ನಡೆದ. ಹೋತದ ಕಡೆ ತಿರುಗಿಯೂ ನೋಡಲಿಲ್ಲ.

‘ನಿಮ್ದೇ ಅದ, ಒಯ್ರಿ’ ಅನ್ನುವುದು ಬರೀ ಉಪಚಾರದ ಮಾತು. ಆ ಮಾತಿಗೆ ಕೊಡಬೇಕಾದ ಉತ್ತರ ಒಂದಿತ್ತು. ನಮ್ಮ ಸೀಮೆಯಲ್ಲಿ ಕುರಿ ಕಾಯುವವನಿಗೂ ಗೊತ್ತಿದ್ದ ಉತ್ತರ. ನಾನು ಮಾತ್ರ ಬೆಲೆ ಕೇಳಿದ್ದೆ. ಮನೆಗೆ ಬಂದವನಿಗೆ ‘ಒಯ್ರಿ’ ಅಂದ ಮೇಲೆ ‘ಕೊಡಂಗಿಲ್ಲ’ ಅನ್ನಲು ಆ ಮನುಷ್ಯನಿಗೆ ನಾಲಿಗೆ ಏಳಲಿಲ್ಲ. ಎರಡು ಸಲ ಚಹಾ ಕುಡಿಸಿ, ಸ್ಕ್ರೂಡ್ರೈವರ್ ಕೊಟ್ಟು, ತನ್ನ ಜೀವದಂಥ ವಸ್ತುವಿನ ಹೊಟ್ಟೆ ಬಗೆಸಿಕೊಂಡು ಸುಮ್ಮನೆ ಕೂತಿದ್ದ. ಕಡೆಗೆ ನಾನೇ ಅವನಿಗೊಂದು ದಾರಿ ತೋರಿಸಿಕೊಟ್ಟಿದ್ದೆ.

ಮತ್ತೆ ಬೇಸನ್ನು ನೋಡಿದೆ. ಬದಲಾದದ್ದು ತಿರುಗಿ ಹಾಕಬಹುದಾದ್ದು ಮಾತ್ರ. ಮರ ಕೆರೆದಿರಲಿಲ್ಲ, ಬಣ್ಣ ಮುಟ್ಟಿರಲಿಲ್ಲ, ಒಂದು ಗೀರೂ ಇರಲಿಲ್ಲ. ನಕಲಿಯನ್ನು ಅಸಲಿ ಮಾಡುವವರ ಬಗ್ಗೆ ನಾನು ಬೇಕಾದಷ್ಟು ಓದಿದ್ದೆ. ಅಸಲಿಯನ್ನು ಇಷ್ಟು ಜತನದಿಂದ ನಕಲಿ ಮಾಡಿದವನ ಬಗ್ಗೆ ಎಲ್ಲೂ ಓದಿರಲಿಲ್ಲ. ಅದರ ನಿಜವಾದ ಬೆಲೆಯನ್ನು ಆ ಹೊಸ ಸ್ಕ್ರೂಗಳೇ ಹೇಳುತ್ತಿದ್ದವು. ಟ್ರ್ಯಾಕ್ಟರಿನ ಲೆಕ್ಕಕ್ಕೆ ಸಿಗುವ ಬೆಲೆಯಲ್ಲ ಅದು.

ಗೆಲ್ಲಲು ಮೊಬೈಲು ಅವನ ಮುಂದೆ ಹಿಡಿದರೆ ಸಾಕಿತ್ತು. ಹೆಬ್ಬೆರಳು ಪರದೆಯ ಮೇಲೆಯೇ ಇತ್ತು, ತುರಿಸುತ್ತಿತ್ತು. ಮೊಬೈಲು ಜೇಬಿಗೆ ಹಾಕಿಕೊಂಡೆ.

“ಖರೇ ಚಾಚಾ. ಇದು ಡುಪ್ಲಿಕೇಟ್ ಅದ.”

ಚಾಚಾನ ಮುಖ ಅರಳಬೇಕಿತ್ತು. ಬದಲು ಕಿವಿ ಕೆಂಪಾಯಿತು. “ಡುಪ್ಲಿಕೇಟ್ ಅಂತ ಸೀದಾ ಅನಬ್ಯಾಡ್ರಿ. ಇದರ ಆವಾಜ್ ಕೇಳೀರೇನು ನೀವು?”

“ಹಂಗಾರ ಅಸಲಿ ಅನ್ಲೇನು?”

“ಛೇ, ಛೇ, ಅಸಲಿ ಇಲ್ಲ ಬಿಡ್ರಿ” ಎಂದು ಗಾಬರಿಯಾದ.

ತಮ್ಮ ಪಕ್ಷವನ್ನು ಇಷ್ಟು ಸಂಕಟಪಟ್ಟು ಮಂಡಿಸಿದವರನ್ನು ನಾನು ಕಂಡಿಲ್ಲ. ಕಾಲು ತಾಸು ಚೌಕಾಸಿ ನಡೆದು, ‘ವಾದ್ಯ ಉತ್ತಮ, ಬಿಡಿಭಾಗ ಅಸಲಿಯಲ್ಲ, ಕೊಳ್ಳಲು ಯೋಗ್ಯವಲ್ಲ’ ಎಂಬ ತೀರ್ಪಿಗೆ ಇಬ್ಬರೂ ಒಪ್ಪಿದೆವು.

“ಇದನ್ನ ಒಂದು ಚೀಟಿ ಮ್ಯಾಲ ಬರದು ಕೊಡ್ರಿ” ಅಂದ ಚಾಚಾ. “ನಾಳಿ ಮತ್ತ್ಯಾರರ ಬಂದು ರೇಟ್ ಕೇಳಿದ್ರ ತೋರಸ್ತೀನಿ.”

“ಇಂಗ್ಲಿಷ್‌ದಾಗ ಬರಿ ಬೇಟಾ” ಅಂದಳು ಒಳಗಿನಿಂದ ಚಾಚಿ. “ಮಂದಿ ಲಗೂ ನಂಬತಾರ.”

ಬರೆದೆ. ಕೆಳಗೆ ಹೆಸರು, ಎಲ್‌ಎಲ್‌ಬಿ, ಸಹಿ. ಚಾಚಾ ಅದನ್ನು ಎರಡು ಸಲ ಓದಿಸಿ ಕೇಳಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಗೋಂದು ಹಚ್ಚಿ ಅಂಟಿಸಿ, ಅಂಗೈಯಿಂದ ತಿಕ್ಕಿದ. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲೇ ಒಳಗೆ ಸ್ಕ್ರೂಗಳು ತಟ್ಟೆಗೆ ಬೀಳುವ ಸಪ್ಪಳ ಶುರುವಾಗಿತ್ತು. ನನ್ನ ನೆರಳು ಮರೆಯಾಗುವವರೆಗೂ ತಡೆಯಲಾಗಲಿಲ್ಲ ಅವನಿಗೆ.

ಈಗ ಅದರ ಹಳೆಯ ಸ್ಕ್ರೂ, ಹಳೆಯ ಗುಂಡಿ, ಹಳೆಯ ಪಟ್ಟಿ ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿರಬೇಕು. ಯಾರಾದರೂ ತಜ್ಞರು ಬಂದು ಕುತ್ತಿಗೆಯಿಂದ ಬುಡದವರೆಗೆ ಪರೀಕ್ಷಿಸಲಿ, ನನ್ನ ಅಭ್ಯಂತರವಿಲ್ಲ. ಆ ಪೆಟ್ಟಿಗೆಯಲ್ಲಿ ನಕಲಿ ಎನ್ನಬಹುದಾದ್ದು ಒಂದೇ ಒಂದು ಸಿಕ್ಕೀತು, ಮುಚ್ಚಳದ ಒಳಗೆ, ನನ್ನ ಸಹಿಯೊಂದಿಗೆ. ನಾನು ಈವರೆಗೆ ಬರೆದದ್ದರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಕಾಗದ ಅದೊಂದೇ.