ಅತ್ತಿಗೆಯ ಕೈಗುಣ

ಕಾಲುಬಾಯಿ ರೋಗದ ವೈರಸ್ಸು ಹಸುವಿನ ನಾಲಿಗೆಯ ಜೀವಕೋಶಕ್ಕೆ ಹೇಗೆ ಅಂಟಿಕೊಳ್ಳುತ್ತದೆ ಎಂಬ ಒಂದೇ ವಿಷಯ ಹಿಡಿದು ನಾನು ಹನ್ನೊಂದು ವರ್ಷ ಸವೆಸಿದ್ದೇನೆ. ಬೆಂಗಳೂರಿನ ಪ್ರಯೋಗಾಲಯದವರು ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ಈಗಲೂ ತೆಗೆದುಕೊಳ್ಳುತ್ತೇನೆ, ನಾಚಿಕೆಯಿಲ್ಲದೆ.

ದೊಡ್ಡಬೆಳವಂಗಲದ ಹತ್ತಿರದ ನಮ್ಮೂರಿನಲ್ಲಿ ಅಣ್ಣ, ಅತ್ತಿಗೆ ಹಸು ಸಾಕಿದ್ದಾರೆ. ಅತ್ತಿಗೆಯ ಕೈಗುಣ ಚೆನ್ನಾಗಿದೆ ಎಂದು ಊರಿಗೆಲ್ಲ ನಂಬಿಕೆ. ಯಾರ ಮನೆಯ ಹಸು ಬಾಯಿ ಹುಣ್ಣಾಗಿ ಮೇವು ಬಿಟ್ಟರೂ ಅವರನ್ನೇ ಕರೆಯುವುದು. ಅವರು ಹೋಗಿ, ಹಸುವಿನ ಬಾಯಿ ಬಿಡಿಸಿ, ಜೇನುತುಪ್ಪದಲ್ಲಿ ರಾಗಿಹಿಟ್ಟು ಕಲಸಿ ನಾಲಿಗೆಗೆ ಸವರುತ್ತಿದ್ದರು. ಒಂದು ಲೋಟ ಕಾಫಿ ಬಿಟ್ಟರೆ ಯಾರ ಮನೆಯಲ್ಲೂ ಏನನ್ನೂ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ಕೆಳಗಿನ ಬೀದಿಯಲ್ಲಿ ರೋಗ ಕಾಣಿಸಿಕೊಂಡಾಗ ಅತ್ತಿಗೆ ನನಗೆ ಫೋನ್ ಮಾಡಿದರು. "ನೀನು ಓದ್ತೀಯಲ್ಲ, ಅದೇ ಕಾಯ್ಲೆ ಬಂದೈತೆ ಕಣಮ್ಮ. ಅದು ಹೆಂಗೆ ಹಿಡ್ಕೊಳ್ತದೆ, ವಸಿ ಹೇಳು."

ನನಗೆ ಹಿಗ್ಗೋ ಹಿಗ್ಗು. ಮನೆಯವರು ನನ್ನ ಕೆಲಸದ ಬಗ್ಗೆ ಕೇಳಿದ್ದೇ ಅದು ಮೊದಲ ಸಲ. ವೈರಸ್ಸಿನ ಹೊರಮೈ ಪ್ರೋಟೀನಿನ ಚಿಪ್ಪು, ಅದರಿಂದ ಸಣ್ಣದೊಂದು ಕೊಂಡಿ ಹೊರಚಾಚಿರುತ್ತದೆ, ನಾಲಿಗೆಯ ಮತ್ತು ಗೊರಸಿನ ಸಂದಿಯ ಜೀವಕೋಶಗಳ ಪೊರೆಯ ಮೇಲೂ ಪ್ರೋಟೀನುಗಳಿರುತ್ತವೆ, ಕೊಂಡಿ ಹೋಗಿ ಅವಕ್ಕೆ ಸಿಕ್ಕಿಕೊಂಡರೆ ಜೀವಕೋಶವೇ ವೈರಸ್ಸನ್ನು ಒಳಕ್ಕೆಳೆದುಕೊಳ್ಳುತ್ತದೆ ಎಂದೆಲ್ಲ ಅರ್ಧ ಗಂಟೆ ಕೊರೆದೆ.

"ಉತ್ತರಾಣಿ ಕಾಳು ಸೀರೆ ಅಂಚಿಗೆ ಅಂಟ್ಕೊಂಡಂಗೆ ಅನ್ನು," ಎಂದರು ಅತ್ತಿಗೆ.

ಇಷ್ಟು ಸರಿಯಾಗಿ ನನ್ನ ಮೇಲಧಿಕಾರಿಗೂ ಅರ್ಥವಾಗಿರಲಿಲ್ಲ. ಮರುವಾರದ ಸಭೆಯಲ್ಲಿ ಆ ಮಾತನ್ನು ನನ್ನದೇ ಎಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅದೇ ವಾರ ಅತ್ತಿಗೆ ಕೆಳಗಿನ ಬೀದಿಯ ನಾಲ್ಕು ಮನೆಗಳಲ್ಲಿ ಹಸುಗಳ ನಾಲಿಗೆಗೆ ಜೇನು ಸವರಿ, ಸೆರಗಿಗೆ ಕೈ ಒರೆಸಿಕೊಂಡು, ನೇರ ನಮ್ಮ ಕೊಟ್ಟಿಗೆಗೆ ಬಂದು ಹಾಲು ಕರೆಯುತ್ತಿದ್ದರು.

ನಮ್ಮ ಹಸು ಆಗಷ್ಟೇ ಕರು ಹಾಕಿತ್ತು. ಗಬ್ಬದ ಹಸುವೆಂದು ಅದಕ್ಕೆ ಲಸಿಕೆ ಹಾಕಿಸಿರಲಿಲ್ಲ. ಮೂರು ಹೋರಿಗರುಗಳಾದ ಮೇಲೆ ಹುಟ್ಟಿದ ಹೆಣ್ಣುಗರು ಅದು. ಅತ್ತಿಗೆ ದಿನಾ ಅದರ ಹಣೆಗೆ ಕುಂಕುಮವಿಡುತ್ತಿದ್ದರು. ಹಸುವಿಗೆ ಜ್ವರ ಬಂತು, ಬಾಯಿಂದ ಜೊಲ್ಲು ಇಳಿಯಿತು. ಅದೇನೋ ಬದುಕಿಕೊಂಡಿತು. ಎಳೆಗರುವಾದರೆ ಈ ವೈರಸ್ಸು ಹೃದಯಕ್ಕೇ ಇಳಿಯುತ್ತದೆ. ಕೆಚ್ಚಲಿಗೆ ಬಾಯಿಟ್ಟಿದ್ದ ಕರು ನಿಂತಲ್ಲೇ ಕುಸಿದು ಸತ್ತಿತು.

ಸುದ್ದಿ ಕೇಳಿ ಸಂಜೆಯೇ ಊರಿಗೆ ಹೋದೆ. ಅತ್ತಿಗೆ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂತಿದ್ದರು. ನಾನು ಗೇಟಿನ ಹತ್ತಿರವೇ ನಿಂತೆ.

"ಯಾಕೆ ಅಲ್ಲೇ ನಿಂತ್ಕೊಂಡೆ? ಬಾರಮ್ಮ ಒಳಕ್ಕೆ."

"ಬರೋ ಹಂಗಿಲ್ಲ ಅತ್ತಿಗೆ. ಲ್ಯಾಬಿಂದ ಬಂದಿದ್ದೀನಿ. ಕೈಯಲ್ಲಿ, ಬಟ್ಟೇಲಿ, ಮೂಗಲ್ಲೂ ವೈರಸ್ ಉಳ್ಕೊಂಡಿರ್ಬೋದು. ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ್ರೂ ಒಂದು ವಾರ ದನದ ಹತ್ರ ಹೋಗ್ಬಾರ್ದು ಅಂತ ರೂಲ್ಸು."

ರೋಗ ಬಂದು ಕರು ಸತ್ತ ಕೊಟ್ಟಿಗೆಯ ಮುಂದೆ ನಿಂತು ರೂಲ್ಸು ಒಪ್ಪಿಸುತ್ತಿದ್ದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಅತ್ತಿಗೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಕೈಯಲ್ಲಿ ಬರ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಕೆಲ್ಸಕ್ಕೆ ಸೇರಿದ ದಿನಾನೇ ಹೇಳಿದ್ರು."

"ಅವತ್ತು ಫೋನಲ್ಲಿ ಅಷ್ಟೊತ್ತು ಮಾತಾಡಿದ್ಯಲ್ಲಮ್ಮ," ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಎದ್ದು ನೀರಿನ ತೊಟ್ಟಿಯ ಹತ್ತಿರ ಹೋಗಿ, ಸೋಪು ಹಾಕಿಕೊಂಡು ಮೊಣಕೈವರೆಗೂ ಉಜ್ಜತೊಡಗಿದರು. ಅಣ್ಣ ಬಂದು ಸಾಕು ಬಿಡು ಎಂದರೂ ನಿಲ್ಲಿಸಲಿಲ್ಲ.