ಇಳಕಲ್ಲಿನಲ್ಲಿ ಹುಟ್ಟಿದ ಅಂಕಲ್

ಕಾರು ಕಲಿಸುವಾಗ ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮ್ಯಾಟ್ ಸವೆಸಿಬಿಟ್ಟಿದ್ದರು. ನಾನು ಹೈವೇಯಲ್ಲಿ ಅಳುಮೋರೆ ಮಾಡಿದರೆ, “ಅಂಜಬ್ಯಾಡವಾ, ಹಿಂದಿನ ಕಾರಿನವರು ನಿನಗಿಂತ ಹೆಚ್ಚು ಅಂಜ್ಯಾರ” ಎನ್ನುತ್ತಿದ್ದರು. ಅಮೆರಿಕದ ಪಾರ್ಸಿಪನಿಯಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನವರು, ಇಳಕಲ್ಲಿನವರು. ಈ ದೇಶದಲ್ಲಿ ಬದುಕುವುದನ್ನು ನಾನು ಕಲಿತದ್ದು ಅವರಿಂದ.

ಅವರು ಇಲ್ಲಿಗೆ ಬಂದಾಗ ಮಗಳು ಕೈಗೂಸು. ನಾವು ಬರುವ ಹೊತ್ತಿಗೆ ಹೈಸ್ಕೂಲು. ನಾವು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ ಅಂಕಲ್ ವರ್ಷಗಳಿಂದ ಸರತಿಯಲ್ಲಿದ್ದರು. ಆದರೆ ಆ ಸರತಿ ನಡೆಯುವುದು ಹುಟ್ಟಿದ ದೇಶದ ಮೇಲೆ. ಭಾರತದಲ್ಲಿ ಹುಟ್ಟಿದವರ ಸಾಲು ಕದಲುವುದೇ ಅಪರೂಪ. ನಾನು ಹುಟ್ಟಿದ್ದು ಮಸ್ಕತ್‌ನಲ್ಲಿ. ಅಪ್ಪ ಆಗ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದರು. ಬಾಣಂತನ ಮುಗಿಯುವ ಮೊದಲೇ ಅಮ್ಮ ನನ್ನನ್ನು ದಾವಣಗೆರೆಗೆ ಎತ್ತಿಕೊಂಡು ಬಂದರು. ಮಸ್ಕತ್‌ನ ಒಂದು ಬೀದಿಯೂ ನನಗೆ ಗೊತ್ತಿಲ್ಲ. ಆದರೂ ನನಗೆ ಚಿಕ್ಕ ಸಾಲು ಸಿಕ್ಕಿತು, ನನ್ನ ಹಿಂದೆಯೇ ನನ್ನ ಗಂಡನಿಗೂ.

ವಿಷಯ ತಿಳಿದು ಅಂಕಲ್ ನಕ್ಕರು. “ನಮ್ಮವ್ವನೂ ಮಸ್ಕತ್ತಿಗೆ ಹೋಗಿ ಹಡೀಬೇಕಿತ್ತು ನೋಡು. ಆಕಿ ಹುನಗುಂದಕ್ಕ ಹೋಗಾಕೂ ಒಲ್ಲೆ ಅಂತಿದ್ಲು.” ನಾನೂ ನಕ್ಕೆ, ಆದರೆ ಮುಖ ಬಿಸಿಯಾಯಿತು. ಮಗಳಿಗೆ ಇಪ್ಪತ್ತೊಂದು ತುಂಬುವುದರೊಳಗೆ ಅವರ ಸರತಿ ಬಾರದಿದ್ದರೆ ಅವಳು ಅಪ್ಪನ ಅರ್ಜಿಯಿಂದಲೂ ವೀಸಾದಿಂದಲೂ ಹೊರಗೆ.

ಗ್ರೀನ್ ಕಾರ್ಡ್ ಬಂದವರು ಫ್ಲಶಿಂಗ್ ದೇವಸ್ಥಾನದ ಗಣೇಶನಿಗೆ ಅರ್ಚನೆ ಮಾಡಿಸಿ, ಅಲ್ಲಿನ ಕ್ಯಾಂಟೀನಿನಲ್ಲಿ ಬಳಗಕ್ಕೆ ದೋಸೆ ತಿನ್ನಿಸುವುದು ನಮ್ಮವರ ರೂಢಿ. ಎಷ್ಟು ಸಂಸಾರಗಳ ದೋಸೆಗೆ ಅಂಕಲ್ ಹೋಗಿ ಬಂದಿದ್ದರೋ! ನಮ್ಮದು ಬಂದಾಗ ಬಾಯಿಬಿಡಲು ನಾನು ಹಿಂಜರಿದೆ. ಅವರೇ ಬಾಗಿಲು ತಟ್ಟಿದರು. “ಗಣಪ್ಪಗ ಮುಖಾ ತೋರ್ಸೋದು ಬ್ಯಾಡೇನು? ನಡೀರಿ, ಗಾಡಿ ನಾ ಹೊಡೀತೀನಿ.”

ಎರಡೂ ಮನೆಯವರು ಹೋದೆವು. ಕ್ಯಾಂಟೀನಿನಲ್ಲಿ ಮಾತಿಗೆ ತಡಕಾಡಿ, “ಮುಂದಿನ ದೋಸೆ ನಿಮ್ಮದೇ ಅಂಕಲ್” ಎಂದುಬಿಟ್ಟೆ.

ಮಗಳು ಫೋನಿನಿಂದ ತಲೆ ಎತ್ತಿದಳು. “ಆಂಟಿ, ಐ ಟರ್ನ್ ಟ್ವೆಂಟಿ ಒನ್ ಇನ್ ಆಗಸ್ಟ್.”

ಅವಳ ತಾಯಿ ನೀರು ತರುವ ನೆಪದಲ್ಲಿ ಎದ್ದು ಹೋದರು. ಅಂಕಲ್ ತಮ್ಮ ವಡೆಯನ್ನು ನನ್ನ ತಟ್ಟೆಗೆ ಹಾಕಿ, “ದ್ವಾಸಿ ಆರತೈತಿ, ತಿನ್ನವಾ” ಎಂದರು. ನಾನೇನೂ ಕದ್ದಿರಲಿಲ್ಲ. ಆದರೂ ಆ ಹುಡುಗಿಯ ಎದುರು ಕದ್ದ ಮಾಲು ಬಚ್ಚಿಟ್ಟುಕೊಂಡವಳ ಹಾಗೆ ಕೂತಿದ್ದೆ.

ಆಗಸ್ಟ್ ಕಳೆದ ಮೇಲೆ ಅವಳು ಓದಲು ಟೊರಾಂಟೊಗೆ ಹೋದಳು. ಅಂಕಲ್ ಮಾತು ಕಡಿಮೆ ಮಾಡಿದರು. ನಮ್ಮೊಂದಿಗೆ ಮಾತ್ರ ಮೊದಲಿನ ಹಾಗೇ ಇದ್ದರು. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಕಳೆದ ಚಳಿಗಾಲ ಆಫೀಸಿನಲ್ಲೇ ಎದೆನೋವು ಬಂದು ತೀರಿಕೊಂಡರು. ಅವರ ಸರತಿ ಇನ್ನೂ ಬಂದಿರಲಿಲ್ಲ. ಅವರ ವೀಸಾದ ಮೇಲಿದ್ದ ಅವರ ಹೆಂಡತಿಯೂ ಇನ್ನು ಇಲ್ಲಿ ಇರುವಂತಿರಲಿಲ್ಲ.

ಅಪ್ಪನ ಅಂತ್ಯಕ್ರಿಯೆಗೆ ಮಗಳು ಪ್ರವಾಸಿ ವೀಸಾ ಮಾಡಿಸಿಕೊಂಡು ಬಂದಳು. ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡಾಗ ಅವಳು ಅಳಲಿಲ್ಲ.

“ಇಮಿಗ್ರೇಶನ್‌ನಲ್ಲಿ ಯಾರನ್ನ ವಿಸಿಟ್ ಮಾಡ್ತಿದೀಯ ಅಂತ ಕೇಳಿದ್ರು,” ಎಂದಳು. “ಐ ಗೇವ್ ಯುವರ್ ನೇಮ್, ಆಂಟಿ.”