ಮಾವ ಬರೆದ ಒಳ್ಳೆಯ ಮಾತು

ಮಾನಸಿಕ ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಡಾಕ್ಟರರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವನು ಮಾವ. ವಾರ್ಡ್ ಅಟೆಂಡರ್ ಆಗಿ ಇಪ್ಪತ್ತೆಂಟು ವರ್ಷ. ಕೋಪ ಬಂದರೆ ಬಾಯಿಗೆ ಬೀಗವಿಲ್ಲ, ಕರುಳು ಮಾತ್ರ ಬೆಣ್ಣೆ. ಸಾಮಾನ್ಯ ವಾರ್ಡಿನಲ್ಲಿ ಅವನು ‘ಚೆನ್ನಾಗಿ ಉಂಡ, ಸಮಾಧಾನವಾಗಿದ್ದಾನೆ’ ಎಂದು ಬರೆದರೆ ರೋಗಿಯನ್ನು ಮನೆಗೆ ಕಳಿಸುತ್ತಿದ್ದರು. ಅವನಿಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಆ ವರ್ಷ ಅವನನ್ನು ಬೀಗದ ವಾರ್ಡಿಗೆ ಹಾಕಿದರು. ಕೋರ್ಟು ಕಳಿಸಿದ ಆರೋಪಿಗಳನ್ನು ಅಲ್ಲಿಡುತ್ತಿದ್ದರು, ಹುಚ್ಚು ನಿಜವೋ, ಶಿಕ್ಷೆ ತಪ್ಪಿಸಿಕೊಳ್ಳಲು ಆಡುವ ನಾಟಕವೋ ಎಂದು ನೋಡುವುದಕ್ಕೆ. ಹುಚ್ಚು ನಿಜವಾದರೆ ಜೈಲಿಲ್ಲ, ಚಿಕಿತ್ಸೆ. ಅಲ್ಲಿಗೆ ಒಬ್ಬ ದರ್ಜಿ ಬಂದ. ಗೋಡೆಯೊಳಗಿಂದ ಯಾರೋ ಹೇಳಿದರೆಂದು ಪಕ್ಕದ ಅಂಗಡಿಯವನಿಗೆ ಕತ್ತರಿಯಿಂದ ಇರಿದಿದ್ದ. ಡಾಕ್ಟರ್ ಮೇಡಂ ಪ್ರಶ್ನೆಪಟ್ಟಿ ಹಿಡಿದು ಪರೀಕ್ಷೆ ಮಾಡಿದರು. ಉತ್ತರ ಅತ್ತಲೂ ವಾಲಲಿಲ್ಲ, ಇತ್ತಲೂ ವಾಲಲಿಲ್ಲ.

"ಯಾರೂ ನೋಡ್ತಿಲ್ಲ ಅಂದ್ಕೊಂಡಾಗ ಹೇಗಿರ್ತಾನೆ, ಅದನ್ನ ದಿನಾ ಬರೀರಿ ಮಾವ. ಅದರ ಮೇಲೇ ಎಲ್ಲ ನಿಂತಿದೆ," ಎಂದರು.

ಮಾವ ಕಿಂಡಿಯಲ್ಲಿ ನೋಡುತ್ತಿದ್ದ. ದರ್ಜಿ ಗೋಡೆಗೆ ಕಿವಿಯಿಟ್ಟು ಗಂಟೆಗಟ್ಟಲೆ ಬೇಡಿಕೊಳ್ಳುತ್ತಿದ್ದ. ವಿಷವೆಂದು ತಟ್ಟೆ ಮುಟ್ಟುತ್ತಿರಲಿಲ್ಲ; ಮಾವ ಒಳಗೆ ಹೋಗಿ ತಾನೇ ಎರಡು ತುತ್ತು ತಿಂದು ತೋರಿಸಿದ ಮೇಲೆ ಉಣ್ಣುತ್ತಿದ್ದ.

"ಅವರು ತುಂಬಾ ಬೈತಾರೆ ಮಾವ. ಸ್ವಲ್ಪ ಹೇಳಿ ನೀವು," ಎಂದ ಒಂದು ದಿನ.

ಮಾವ ಗೋಡೆಯ ಕಡೆ ತಿರುಗಿ, "ಏಯ್, ಸುಮ್ನಿರ್ರೋ! ಪಾಪದವನ ತಲೆ ಯಾಕೆ ತಿಂತೀರಿ?" ಎಂದು ಗದರಿದ. ಆಮೇಲೆ ಹೊರಗೆ ಬಂದು ಕಣ್ಣೊರೆಸಿಕೊಂಡ.

ಅಯ್ಯೋ ಪುಣ್ಯಾತ್ಮ, ಇದನ್ನೇ ಬರೆದಿದ್ದರೆ ಸಾಕಿತ್ತಲ್ಲ! ಹದಿನೈದು ದಿನವೂ ಅವನು ಬರೆದದ್ದು, ‘ಚೆನ್ನಾಗಿ ಉಂಡ. ಒಬ್ಬನೇ ಮಾತಾಡಲಿಲ್ಲ. ಒಳ್ಳೆಯ ಮನುಷ್ಯ.’ ಒಳ್ಳೆಯದು ಬರೆದರೆ ಬೇಗ ಮನೆಗೆ ಬಿಟ್ಟಾರು ಎಂಬ ಆಸೆ ಅವನದು.

ಮೇಡಂ ಎದುರು ಗೋಡೆಯೊಳಗಿನ ದನಿಗಳ ಮಾತೆತ್ತುವವನು ಒಬ್ಬನೇ ಇದ್ದಾಗ ಆರಾಮಾಗಿರುತ್ತಾನೆ ಅಂದರೆ ಇನ್ನೇನು? ನಾಟಕವೆಂದೇ ವರದಿ ಹೋಯಿತು. ಸುದ್ದಿ ಕೇಳಿ ಮಾವ ಮೇಡಂ ಹತ್ತಿರ ಓಡಿಹೋಗಿ ಎಲ್ಲ ಒಪ್ಪಿಕೊಂಡ. ಮೇಡಂ ತಲೆ ಹಿಡಿದು ಕೂತರು. ಆಮೇಲೆ ಅವರೇ ಕೋರ್ಟಿಗೆ ಬರೆದು ಅವನನ್ನು ಸಾಕ್ಷಿಗೆ ಕರೆಸಿದರು. ಕೆಲಸ ಹೋದರೆ ಹೋಗಲಿ ಎಂದು ಮಾವ ಹೋಗಿ ನಿಂತ.

"ಹದಿನೈದು ದಿನ ಸುಳ್ಳು ಬರೆದೆ ಅಂತೀರಿ. ಯಾಕೆ?" ಸರ್ಕಾರಿ ವಕೀಲರು ಕೇಳಿದರು.

"ಅವನ ಮೇಲೆ ಕನಿಕರ ಸ್ವಾಮಿ."

"ಆ ಕನಿಕರ ಈಗಲೂ ಇದೆಯಾ?"

ಮಾವ ದರ್ಜಿಯ ಕಡೆ ನೋಡಿದ. "ಇದೆ," ಎಂದ.

ವಕೀಲರು ಅಷ್ಟು ಸಾಕೆಂದು ಕೂತರು. ಕನಿಕರಕ್ಕೆ ಒಮ್ಮೆ ಸುಳ್ಳು ಬರೆದವನ ಬಾಯಿಮಾತನ್ನು ಯಾರು ನಂಬುತ್ತಾರೆ? ದರ್ಜಿಗೆ ಏಳು ವರ್ಷ ಜೈಲಾಯಿತು.

ಹೊರಗೆ ಮೆಟ್ಟಿಲ ಹತ್ತಿರ ದರ್ಜಿಯ ತಾಯಿ ನಿಂತಿದ್ದಳು. ಮಾವ ಬರೆದದ್ದನ್ನು ಓದಿದಾಗ ಕಿವಿಗೆ ಬಿದ್ದ ‘ಒಳ್ಳೆಯ ಮನುಷ್ಯ’ ಎಂಬುದೊಂದು ಬಿಟ್ಟರೆ, ಒಳಗೆ ನಡೆದ ವಾದ ಅವಳಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಮಾವನನ್ನು ಕಂಡವಳೇ ಅವನ ಎರಡೂ ಕೈ ಹಿಡಿದುಕೊಂಡಳು.

"ಎಲ್ರೂ ನನ್ನ ಮಗನ್ನ ಹುಚ್ಚ ಅಂದ್ರು, ಕಳ್ಳಾಟದವನು ಅಂದ್ರು. ಒಳ್ಳೆ ಮನುಷ್ಯ ಅಂತ ಬರೆದವನು ನೀನೊಬ್ಬನೇ ಕಣಪ್ಪ. ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಬೈಯಮ್ಮಾ," ಎಂದ ಮಾವ. "ನಿನ್ನ ಕಾಲಿಗೆ ಬೀಳ್ತೀನಿ, ನನ್ನನ್ನ ಬೈಯಿ."

ಯಾಕೆಂದು ಆ ತಾಯಿಗೆ ಅರ್ಥವಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಅಳುತ್ತಿದ್ದವನ ಬೆನ್ನು ಸವರುತ್ತ, ಅವನನ್ನೇ ಸಮಾಧಾನ ಮಾಡುತ್ತ ಕೂತಳು.